ನನ್ನ ಹೆಸರೊಂದು ಬಿಟ್ಟು ಏನು ಬೇಕಾದರೂ ತೆಗೆಯಿರಿ

ಪುಕ್ಕಟೆ ಸಿಕ್ಕರೆ ನನಗೊಂದಿರಲಿ, ನಮ್ಮಪ್ಪನಿಗೊಂದಿರಲಿ ಅನ್ನುವ ಜನ ನಾವು. ನಮ್ಮ ನಡುವೆ ಪುಕ್ಕಟೆ ಕೊಡುವವನ ಪಾಡು ಏನಾಗುತ್ತದೆ ಅನ್ನುವುದಕ್ಕೆ ನನ್ನ ಹತ್ತಿರ ಬೇಕಾದಷ್ಟು ಕತೆಗಳಿವೆ.

ಹುಣಸೂರಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವವನು ನಾನು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನಲ್ಲಿ ಯಾವಾಗ ಶಾಖ ಏರಿಸಬೇಕೆಂದು ಕೂಗಿ ಹೇಳುವ ಒಂದು ಮೊಬೈಲ್ ಆ್ಯಪ್ ಬರೆದು ಊರಿಗೆಲ್ಲ ಹಂಚಿದೆ. ನಕಲು ಮಾಡಿ, ತಿದ್ದಿ, ಬೇಕಾದರೆ ಮಾರಿಕೊಳ್ಳಿ, ನನ್ನ ಹೆಸರು ಮಾತ್ರ ತೆಗೆಯಬೇಡಿ ಎಂದು ಬರೆದೆ. ಲೈಸೆನ್ಸ್ ಅಂದರೆ ಅಷ್ಟೇ. ದುಡ್ಡಿನ ಆಸೆ ನನಗಿರಲಿಲ್ಲ. ಹೆಸರಿನ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

ಯಾರ ಮನೆಯವರು?

ಒಂದು ದಿನ ಹೆಂಡತಿಯ ಜೊತೆ ಪಿರಿಯಾಪಟ್ಟಣದಾಚೆಯ ಕೊಪ್ಪದ ಒಂದು ಮೊಬೈಲ್ ಅಂಗಡಿಗೆ ಹೋಗಿದ್ದೆ. ಅಂಗಡಿಯವನು ತಾನೇ ಕಷ್ಟಪಟ್ಟು ಮಾಡಿದ ಆ್ಯಪ್ ಎಂದು ಒಂದನ್ನು ತೋರಿಸಿದ. ನನ್ನದೇ. ಹೆಸರಿನ ಜಾಗದಲ್ಲಿ ಅವನ ಅಂಗಡಿಯ ಹೆಸರಿತ್ತು.

ಒತ್ತಿದ. "ಶಾಖ ಏರಿಸ್ರಪ್ಪಾ" ಎಂದು ನನ್ನದೇ ದನಿ ಕೂಗಿತು. ಹಿಂದೆಯೇ ಒಂದು ಹೆಣ್ಣು ದನಿ: "ರೀ, ಕುಕ್ಕರ್ ಮೂರ್ ಸಲ ಕೂಗ್ತು, ಆರಿಸ್ರೀ." ಮನೆಯಲ್ಲಿ ಕೂತು ದನಿ ರೆಕಾರ್ಡ್ ಮಾಡಿದಾಗ ಇವಳದೂ ಸೇರಿಹೋಗಿತ್ತು, ನಾನು ತೆಗೆದಿರಲಿಲ್ಲ.

"ಇದು ಯಾರಪ್ಪ?" ಎಂದೆ.

"ನಮ್ಮನೆಯವ್ರು ಕಣ್ ಸಾರ್" ಎಂದ, ಕಣ್ಣು ಮಿಟುಕಿಸದೆ.

ಪಕ್ಕದಲ್ಲಿದ್ದ ನನ್ನ ಹೆಂಡತಿ ಕೇಳಿದಳು: "ಯಾವಾಗಿಂದ?"

ನನ್ನ ಭಾಗ

ಕೆ.ಆರ್. ನಗರದ ಪರಿಚಯದ ವಕೀಲರ ಹತ್ತಿರ ಹೋದೆ.

"ಪುಕ್ಕಟೆ ಕೊಟ್ಟಿದ್ದೀರಿ?"

"ಹೌದು ಸಾರ್."

"ಮಾರ್ಕೊಳ್ಳಿ ಅಂತಾನೂ ಬರ್ದಿದ್ದೀರಿ?"

"ಹೌದು."

"ಮತ್ತೆ ನಿಮ್ಮ ಪಾಲಿಗೆ ಏನು ಇಟ್ಕೊಂಡ್ರಿ?"

"ಹೆಸರು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸ್ವಾಮಿ, ಅಣ್ಣತಮ್ಮಂದಿರಿಗೆ ಆಸ್ತಿ ಭಾಗ ಮಾಡ್ಸಿ ಮಾಡ್ಸೀನೇ ನನ್ನ ತಲೆ ಬೆಳ್ಳಗಾಗಿರೋದು. ಇಂಥ ಭಾಗ ತಗೊಂಡು ಎದ್ದುಬಂದೋರನ್ನ ನೋಡಿಲ್ಲ."

ಆದರೂ ಒಂದು ನೋಟಿಸು ಬರೆದುಕೊಟ್ಟರು. ಅದನ್ನು ಜೇಬಿನಲ್ಲಿಟ್ಟುಕೊಂಡು ಮೊದಲು ಒಳ್ಳೆ ಮಾತಿನಲ್ಲೇ ಕೇಳಿ ಎಂದರು. ಬಾಗಿಲವರೆಗೂ ಬಂದು ಮೆಲ್ಲಗೆ, "ನಮ್ಮ ಬಾಮೈದಂದೂ ಒಂದು ಬ್ಯಾರನ್ ಇದೆ, ಆ ಆ್ಯಪ್ ನನ್ನ ಫೋನ್‌ಗೂ ಹಾಕಿಕೊಡಿ" ಎಂದರು.

ಹೆಸರು ಬಂತು

ನೋಟಿಸು ಓದಿದ ಕೊಪ್ಪದವನು ಹೆದರಲೇ ಇಲ್ಲ. "ಎಸ್ರು ತಾನೆ ಸಾರ್? ಆಕ್ಬುಡ್ತೀನಿ ಬುಡಿ" ಎಂದ. ಇಷ್ಟು ಸುಲಭವಾಗಿ ಗೆದ್ದೆನಲ್ಲ ಎಂದು ಬರುವಾಗ ಮೈಸೂರು ಪಾಕು ಕಟ್ಟಿಸಿಕೊಂಡು ಬಂದೆ.

ಮೂರನೇ ದಿನ ಗಾವಡಗೆರೆ ಕಡೆಯ ಪರಿಚಯದ ರೈತರೊಬ್ಬರು ಫೋನು ಮಾಡಿದರು. "ಅಮ್ಮಾವ್ರಿಗೆ ಕೊಡಿ. ಯಜಮಾನ್ರು ಓಗ್ಬುಟ್ರಂತೆ, ನಾಕ್ ಮಾತ್ ಸಮಾಧಾನ ಏಳ್ಬೇಕು."

"ಯಜಮಾನ ನಾನೇ ಕಣಪ್ಪ."

"ನೀವು ಅವ್ರ ತಮ್ಮನಾ? ದನಿ ಅವ್ರದ್ದೇ ಇದ್ದಂಗದೆ."

ಕೊಪ್ಪದ ಆ್ಯಪ್ ತೆರೆದು ನೋಡಿದರೆ ಮೊದಲ ಪರದೆಯ ತುಂಬ ನನ್ನ ಹೆಸರು, ದಪ್ಪ ಅಕ್ಷರದಲ್ಲಿ. ಅದರ ಹಿಂದೆ 'ದಿವಂಗತ'. ಮುಂದೆ 'ಇವರ ಜ್ಞಾಪಕಾರ್ಥ'.

ಸಿಟ್ಟಿನಲ್ಲಿ ಕೊಪ್ಪಕ್ಕೆ ಓಡಿದೆ. ಅವನು ಸ್ಟೂಲು ಎಳೆದು ಕೂರಿಸಿದ.

"ಬಸ್ ಸ್ಟಾಪಿನ್ ಕಲ್‌ಬೆಂಚ್ ನೋಡಿ, ದೇವಸ್ಥಾನದ್ ಗಂಟೆ ನೋಡಿ. ಪುಕ್ಸಟ್ಟೆ ಕೊಟ್ಟಿರದ್ರ ಮ್ಯಾಲೆಲ್ಲಾ ಅಂಗೇ ಬರ್ದಿರದು. ನಾನೂ ಅಂಗೇ ಬರ್ದೆ."

"ನಾನು ಬದುಕಿದ್ದೀನಲ್ಲಯ್ಯ."

"ಅದೇ ಸಾರ್ ತೊಂದ್ರೆ. ಬದುಕಿರೋರ್ ಎಸ್ರನ್ನ ಯಾರ್ ಬೇಕಾದ್ರೂ ಅಳಿಸ್ತಾರೆ. ನಾನೇ ಅಳಿಸ್ಲಿಲ್ವಾ? ಸತ್ತೋರ್ ಎಸ್ರು ಮುಟ್ಟಕ್ಕೆ ಎಲ್ರಿಗೂ ಭಯ. ನಿಮ್‌ ಆ್ಯಪ್‌ನ ಪಿರಿಯಾಪಟ್ಣದಲ್ಲಿ ಒಬ್ಬ, ಎಚ್.ಡಿ. ಕೋಟೇಲಿ ಇಬ್ರು ಈಗಾಗ್ಲೇ ನನ್ನತ್ರ ನಕಲು ಒಡ್ಕೊಂಡವ್ರೆ. ನೋಡಿ ಬೇಕಾದ್ರೆ, ಒಬ್ನೂ ನಿಮ್ಮೆಸ್ರು ಮುಟ್ಟಿಲ್ಲ."

ನೋಡಿದೆ. ಮೂರರಲ್ಲೂ ನನ್ನ ಹೆಸರು ಅಲುಗದೆ ಇತ್ತು. ಒಬ್ಬನಂತೂ ಪಕ್ಕದಲ್ಲಿ ಒಂದು ದೀಪ ಬೇರೆ ಹಚ್ಚಿದ್ದ.

"ಈಗ ಏಳಿ ಸಾರ್, ತೆಗೀಲಾ?" ಎಂದ.

ಬೇಡ ಎಂದೆ. ಟೀ ತರಿಸಿದ. ದಿವಂಗತನಾಗಿಯೇ ಕುಡಿದು ಬಂದೆ.