ಜಯನಗರದವರು ಯೂರೋಪಿನ ಗಡಿ ದಾಟಿದ ಬಗೆ

ಜನರನ್ನು ಊರೂರು ಸುತ್ತಿಸುವ ಕೆಲಸದಲ್ಲಿ ನಗುವಿಗೆ ಬರಗಾಲವೇ ಇಲ್ಲ. ಎಂಬತ್ತರ ದಶಕದಲ್ಲಿ ನಾನು ಜಯನಗರದ ಒಂದು ಟ್ರಾವೆಲ್ಸ್ ಆಫೀಸಿನಲ್ಲಿದ್ದೆ. ನಮ್ಮ ಕಡೆಯವರ ತಂಡ ಕಟ್ಟಿಕೊಂಡು ಯೂರೋಪಿಗೆ ಹೋಗಿಬರುವುದು ನನ್ನ ಪಾಲಿನ ಕೆಲಸ. ಆಗ ಅಲ್ಲಿ ನಮ್ಮವರಿಗೆ ಒಂದೊಂದು ದೇಶಕ್ಕೂ ಬೇರೆ ಬೇರೆ ವೀಸಾ. ಒಂದು ನಿದ್ದೆ ಮಾಡಿ ಏಳುವಷ್ಟರಲ್ಲಿ ಹೊಸ ದೇಶ ಬಂದು ಬಸ್ಸು ನಿಲ್ಲುತ್ತಿತ್ತು, ಪೊಲೀಸ್ ಒಳಗೆ ಹತ್ತುತ್ತಿದ್ದ. ನಮ್ಮ ಮೊದಲ ತಂಡದವರು ಈ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದನ್ನು ನೆನೆದರೆ ಈಗಲೂ ಎದೆ ಉಬ್ಬುತ್ತದೆ.

ವಾಪಸ್ ಬರುವ ಗ್ಯಾರಂಟಿ

ತಂಡದಲ್ಲಿ ಜರಗನಹಳ್ಳಿಯ ಗೌಡರೊಬ್ಬರಿದ್ದರು. ಹೊಲದ ಬಹುಪಾಲಿನಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟು, ಉಳಿದದ್ದರಲ್ಲಿ ಹಟ ಹಿಡಿದು ರಾಗಿ ಬೆಳೆಯುತ್ತಿದ್ದವರು. ವೀಸಾಕ್ಕೆಂದು ಅವರನ್ನು ಮದ್ರಾಸಿಗೆ ಕರೆದುಕೊಂಡು ಹೋದೆ.

"ನೀವು ನಮ್ಮ ದೇಶದಲ್ಲೇ ಉಳಿದುಬಿಡೋದಿಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ?" ಎಂದು ಅಲ್ಲಿನ ಬಿಳಿಯ ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದ. ನಾನು ಕನ್ನಡಕ್ಕೆ ತಿರುಗಿಸಿದೆ.

ಗೌಡರಿಗೆ ಬೇಜಾರಾಯಿತು. "ನಮ್ಮೂರು ಬಿಟ್ಟು ಇವ್ರ ಊರಲ್ಲಿ ಯಾಕಪ್ಪ ಇರ್ಲಿ? ಪಕ್ಕದ ಹೊಲ ನಮ್ಮ ಚಿಕ್ಕಪ್ಪಂದು ಅಂತ ಹೇಳು. ನಾನು ಸ್ವಲ್ಪ ದಿವ್ಸ ಕಾಣಿಸ್ದೇ ಇದ್ರೆ ಗಡಿಕಲ್ಲಿಗೆ ಕಾಲು ಬರುತ್ತೆ."

ಅದನ್ನೂ ತಿರುಗಿಸಿದೆ. ಅಧಿಕಾರಿ ಠಸ್ಸೆ ಕೈಗೆತ್ತಿಕೊಂಡ. "ನಮ್ಮ ಚಿಕ್ಕಪ್ಪನೂ ಹಾಗೇ," ಎಂದು ಒತ್ತಿಯೇಬಿಟ್ಟ.

ಹಾಜರಿ

ಫ್ರಾನ್ಸಿನಿಂದ ಸ್ವಿಟ್ಜರ್ಲೆಂಡಿಗೆ ಹೋಗುವಾಗ ಬಸ್ಸು ಹತ್ತಿದ ಪೊಲೀಸನಿಗೆ ನಮ್ಮ ಹೆಸರುಗಳು ನಾಲಿಗೆಗೆ ಹತ್ತಲಿಲ್ಲ. ಫೋಟೋದಲ್ಲಿ ಎಲ್ಲ ಹೆಂಗಸರೂ ಒಂದೇ ಥರ ಕಂಡರು. ಸಿಡುಕಿ, ಎಲ್ಲರೂ ಕೆಳಗಿಳಿಯಿರಿ ಎಂದ. ಹೊರಗೆ ಕೊರೆಯುವ ಚಳಿ.

ಬನಶಂಕರಿಯ ರಿಟೈರ್ಡ್ ಹೆಡ್‌ಮಿಸ್ ಒಬ್ಬರು ಎದ್ದು, ಅವನ ಕೈಯಿಂದ ಪಾಸ್‌ಪೋರ್ಟುಗಳ ಕಟ್ಟು ತೆಗೆದುಕೊಂಡರು. "ಯಾರೂ ಇಳೀಬೇಡಿ. ಹೆಸರು ಕರೆದವರು ಎದ್ದು ನಿಲ್ಲಿ."

ಒಂದೊಂದೇ ಹೆಸರು ಕರೆದರು. ಪೆನ್ಷನ್ ತೆಗೆದುಕೊಳ್ಳುವ ಗಂಡಸರೂ ಎದ್ದು "ಪ್ರೆಸೆಂಟ್ ಮಿಸ್" ಎಂದರು. ಪೊಲೀಸ್ ಪಕ್ಕದಲ್ಲಿ ನಿಂತು ಮುಖ ನೋಡಿ ಮುದ್ರೆ ಒತ್ತುತ್ತ ಹೋದ. ಕೆಲಸ ಮುಗಿದ ಮೇಲೆ ಮಿಸ್ ಅವನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಅಚ್ಚ ಕನ್ನಡದಲ್ಲಿ ಹೇಳಿದರು: "ಕಾಲರ್ ಗುಂಡಿ ಹಾಕ್ಕೋ."

ಅವನು ಹಾಕಿಕೊಂಡ.

ಬಾಗಿಲಿಲ್ಲದ ದೇಶ

ರೋಮಿನಲ್ಲಿ ನೆಲದ ಮೇಲಿನ ಒಂದು ಗೆರೆ ತೋರಿಸಿ, "ಇದರಾಚೆ ವ್ಯಾಟಿಕನ್, ಬೇರೆ ದೇಶ, ವೀಸಾ ಬೇಡ" ಎಂದೆ. ಗೌಡರು ಗೆರೆ ದಾಟಿದರು, ಈಚೆ ಬಂದರು, ಮತ್ತೆ ದಾಟಿದರು.

"ಏನ್ ಗೌಡ್ರೇ, ಏನಾದ್ರೂ ಬಿದ್ದೋಯ್ತಾ?"

"ಇಲ್ಲಪ್ಪ. ಹೊಸಕೆರೆಹಳ್ಳಿ ಬೀಗರು ಸಿಂಗಾಪುರಕ್ಕೆ ಎರಡು ಸಲ ಹೋಗ್ಬಂದು, ಎರಡು ಸಲ ಫಾರಿನ್ ನೋಡಿದೀನಿ ಅಂತ ಜಂಬ ಕೊಚ್ತಾರೆ. ಅವರನ್ನ ಇಲ್ಲೇ ಮುಗಿಸ್ತಾ ಇದೀನಿ."

ಅಪ್ಪನ ಹೆಸರು

ಪಾಸ್‌ಪೋರ್ಟಿಗೆ ಮನೆತನದ ಹೆಸರು ಬೇಕು. ನಮ್ಮವರಿಗೆ ಅದೆಲ್ಲಿಂದ ಬರಬೇಕು? ಗೌಡರು ಅಲ್ಲಿ ತಮ್ಮ ಅಪ್ಪನ ಹೆಸರನ್ನೇ ಬರೆಸಿದ್ದರು. ಇಟಲಿ ಮುಗಿಸಿ ಆಸ್ಟ್ರಿಯಾ ಗಡಿಗೆ ಬಂದಾಗ ಪೊಲೀಸ್ ಅವರ ಪಾಸ್‌ಪೋರ್ಟ್ ತೆರೆದು, "ಮಿಸ್ಟರ್ ಮುನಿಶಾಮಪ್ಪ" ಎಂದು ಕೂಗಿದ.

ಗೌಡರು ಗಾಬರಿಯಿಂದ ಎದ್ದರು. ಅಪ್ಪನನ್ನು ಹಾಗೆ ಹೆಸರು ಹಿಡಿದು ಕೂಗಿದವರನ್ನು ಅವರು ಕಂಡಿರಲಿಲ್ಲ. ಟೋಪಿ ತೆಗೆದು, ಬರುವ ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: "ಎಕ್ಸ್‌ಪೈರ್ಡ್ ಸಾರ್."

ಪೊಲೀಸ್ ಹುಬ್ಬು ಗಂಟಿಕ್ಕಿ ಪಾಸ್‌ಪೋರ್ಟಿನ ತಾರೀಖು ನೋಡಿದ, ವೀಸಾದ ತಾರೀಖು ನೋಡಿದ. "ನೋ. ನಾಟ್ ಎಕ್ಸ್‌ಪೈರ್ಡ್."

"ಎಕ್ಸ್‌ಪೈರ್ಡ್ ಸಾರ್. ನಾನೇ ಮಣ್ಣು ಮಾಡಿದೀನಿ."

ಪೊಲೀಸನಿಗೆ ಕೊನೆಯ ಮಾತು ಅರ್ಥವಾಗಲಿಲ್ಲ. ತಾರೀಖಿನ ಮೇಲೆ ಬೆರಳಿಟ್ಟು, ನಿಧಾನವಾಗಿ, "ಮುನಿಶಾಮಪ್ಪ, ವೆರಿ ಗುಡ್. ವ್ಯಾಲಿಡ್," ಎಂದು ಮುದ್ರೆ ಒತ್ತಿ, ಸೆಲ್ಯೂಟ್ ಹೊಡೆದು ಇಳಿದುಹೋದ.

ಗೌಡರು ನನ್ನ ಕಡೆ ತಿರುಗಿ ಅರ್ಥ ಕೇಳಿದರು. ಹೇಳಿದೆ. ಟೋಪಿ ಹಾಕಿಕೊಂಡು, ಬೆನ್ನು ನೆಟ್ಟಗೆ ಮಾಡಿ ಕೂತು, ಇಡೀ ಬಸ್ಸಿಗೆ ಕೇಳುವಂತೆ ಹೇಳಿದರು:

"ಕೇಳಿದ್ರಾ? ನಮ್ಮಪ್ಪ ಈ ದೇಶದಲ್ಲಿ ಇನ್ನೂ ಚಾಲ್ತೀಲಿದಾರಂತೆ."