ಮೊಣಕಾಲಿನ ಗಾದಿ

ಬೆಳಗಿನ ನಮಾಜು ಮುಗಿದು ಎಲ್ಲರೂ ಎದ್ದು ಹೋದ ಮೇಲೂ ಗೌಸ್ ಪೀರ್ ಏಳಲಿಲ್ಲ. ಈ ಮನುಷ್ಯನಿಗೆ ಈಚೆಗೆ ಭಕ್ತಿ ಬಹಳ ಹೆಚ್ಚಿದೆ ಎಂದು ಮೆಚ್ಚಿಕೊಂಡ ಹಿರಿಯರೊಬ್ಬರು ಸದ್ದಾಗದಂತೆ ಚಪ್ಪಲಿ ಮೆಟ್ಟಿ ಹೊರಗೆ ನಡೆದರು. ಗೌಸ್ ಪೀರ್ ಕೂತಿದ್ದದ್ದು ಏಳಲು ಆಗದೆ. ಇಪ್ಪತ್ತು ವರ್ಷ ದಾವಣಗೆರೆಯ ಮನೆಮನೆಗೆ ಶಾಬಾದಿ ಕಲ್ಲಿನ ನೆಲ ಹಾಕಿ ಹಾಕಿ ಅವನ ಮೊಣಕಾಲುಗಳು ತುಕ್ಕು ಹಿಡಿದ ಬಾಗಿಲ ತಿರುಗಣಿಯಂತಾಗಿದ್ದವು. ಕೊನೆಗೆ ಕಂಬ ಹಿಡಿದು ಎದ್ದಾಗ ಬಂದ ಸದ್ದಿಗೆ ಅಂಗಳದ ಮೇಕೆಯೊಂದು ತಿರುಗಿ ನೋಡಿತು.

"ಎತ್ತಿನ ಕಾಲಿಗೂ ಲಾಳ ಹೊಡೀತಾರೆ. ನೀವು ಮೊಣಕಾಲಿಗೆ ಏನಾದ್ರೂ ಕಟ್ಕೋಬಾರ್ದೇನ್ರಿ?" ಎಂದಳು ಹೆಂಡತಿ ದಿಲ್ಷಾದ್ ಬೇಗಂ, ಮನೆಗೆ ಬಂದವನಿಗೆ ಚಹಾ ಕೊಡುತ್ತಾ.

ಆ ಮಾತು ಅವನಿಗೆ ನಾಟಿತು. ಅವತ್ತು ಹರಿಹರದಲ್ಲಿ ದೊಡ್ಡ ಕೆಲಸ. ವಾಮದೇವಪ್ಪನವರ ಹೊಸ ಮನೆ. ಮೊದಲು ಪಡಸಾಲೆ, ಅದು ಅವರ ತಾಯಿ ಕಸ್ತೂರಮ್ಮನವರಿಗೆ ಒಪ್ಪಿಗೆಯಾದರೆ ಮಾತ್ರ ಉಳಿದ ಕೋಣೆಗಳೆಲ್ಲ ಇವನಿಗೆ ಎಂದು ಮಾತಾಗಿತ್ತು. ಆದರೆ ಮೊಣಕಾಲಿಗೆಂದೇ ಮಾಡಿದ ಸಾಮಾನು ಆಗಿನ ಕಾಲಕ್ಕೆ ದಾವಣಗೆರೆಯ ಯಾವ ಅಂಗಡಿಯಲ್ಲಿ ಸಿಗಬೇಕು?

ಬಸ್ಸಿಗೆ ಹೋಗುವ ದಾರಿಯಲ್ಲಿ ಸೈಕಲ್ ಶಾಪಿನ ಶಬ್ಬೀರ್ ಕಷ್ಟ ಕೇಳಿದ. ಕೇಳುತ್ತಲೇ ಹಳೇ ಲಾರಿ ಟೈರನ್ನು ಎಳೆದು ಕೊಯ್ಯತೊಡಗಿದ.

"ಇದು ಬಾಂಬೆತನಕ ಓಡಿದ್ರೂ ಸವೆಯಂಗಿಲ್ಲ ಚಾಚಾ."

"ನಾ ಎಲ್ಲೂ ಓಡೋನಲ್ಲಪ್ಪ, ಕುಂದ್ರೋನು."

"ಕುಂತ್ರೆ ಇನ್ನೂ ಬಾಳಿಕೆ ಬರ್ತೈತೆ," ಎಂದು ಶಬ್ಬೀರ್ ಟೈರಿನ ತುಂಡುಗಳನ್ನು ಅವನ ಎರಡೂ ಮೊಣಕಾಲಿಗೆ ಟ್ಯೂಬಿನಿಂದ ಬಿಗಿದು ಕಟ್ಟಿದ.

ಬಸ್ಸಿನಲ್ಲಿ ಕೂತ ಮೇಲೆ ತಿಳಿಯಿತು, ಕಾಲು ಮಡಚಲು ಬರುವುದಿಲ್ಲ ಎಂದು. ಎರಡೂ ಕಾಲು ದಾರಿಗೆ ಅಡ್ಡವಾಗಿ ಗಾಡಿಯ ಮೂಕಿಯಂತೆ ಚಾಚಿಕೊಂಡವು.

"ಕಾಲು ಒಳಗೆ ತಗೋರಿ," ಎಂದ ಕಂಡಕ್ಟರ್.

"ಬರಂಗಿಲ್ರಿ."

"ಅಯ್ಯೋ ಪಾಪ, ಯಾವಾಗಿಂದ?" ಎಂದಳು ಎದುರು ಸೀಟಿನ ಹೆಂಗಸು. ಇಡೀ ಬಸ್ಸು ಅವನ ಕಾಲಿನ ಬಗ್ಗೆ ಮಾತಿಗಿಳಿಯಿತು. ಲಕ್ವ ಎಂದರು ಕೆಲವರು, ಗಾಳಿ ಸೋಕಿದೆ ಎಂದರು ಕೆಲವರು. ಹರಿಹರದಲ್ಲಿ ಇಬ್ಬರು ಪುಣ್ಯವಂತರು ಅವನನ್ನು ಎತ್ತಿಕೊಂಡೇ ಇಳಿಸಿ, ಆಸ್ಪತ್ರೆಯ ದಾರಿ ಹಿಡಿದರು. ತಾನು ರೋಗಿಯಲ್ಲ, ಕಲ್ಲು ಹಾಸುವ ಮೇಸ್ತ್ರಿ ಎಂದು ಅವನು ಅವರನ್ನು ನಂಬಿಸುವಷ್ಟರಲ್ಲಿ ಆಸ್ಪತ್ರೆಯ ಗೇಟು ಬಂದಿತ್ತು.

ಕೊನೆಗೆ ಕೆಲಸದ ಮನೆಗೆ ಬಂದರೆ, ಪಡಸಾಲೆಯಲ್ಲಿ ಕಸ್ತೂರಮ್ಮನವರು ಆಗಲೇ ಮರದ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಗೌಸ್ ಪೀರ್ ಗಾರೆ ಹರಡಿ, ಕಲ್ಲಿಟ್ಟು, ಟ್ಯೂಬನ್ನು ತುಸು ಸಡಿಲಿಸಿ ಮೊಣಕಾಲೂರಿದ. ಟೈರು ಹುಟ್ಟಿದ್ದೇ ಉರುಳುವುದಕ್ಕೆ. ಅವನು ತೊಟ್ಟಿಲಿನಂತೆ ಹಿಂದಕ್ಕೂ ಮುಂದಕ್ಕೂ ತೂಗಿದ. ತೂಗಿದಷ್ಟೂ ಕಲ್ಲಿನ ಮೇಲೆ ಕಪ್ಪು ಗೆರೆ ಬಿದ್ದವು.

"ಮೇಸ್ತ್ರಿ, ಇಲ್ಲಿ ಲಾರಿ ಹಾದು ಹೋತೇನ್ರಿ?" ಎಂದು ಕಸ್ತೂರಮ್ಮ ಕೇಳಿದರು.

ವಾಮದೇವಪ್ಪನವರಿಗೆ ಕನಿಕರ ಬಂತು. ಪಕ್ಕದ ಓಣಿಯಿಂದ ಗಾದಿ ಹೊಲಿಯುವ ಹಿದಾಯತ್‌ನನ್ನು ಕರೆಸಿದರು. ಹಿದಾಯತ್ ಬಿಚ್ಚಿಟ್ಟ ಟೈರನ್ನು ಕಾಲಿನಿಂದ ಆಚೆ ತಳ್ಳಿ, "ಮೊಣಕಾಲಿಗೆ ಬೇಕಾದ್ದು ಹತ್ತಿ ಕಣ್ರಿ. ಹತ್ತಿ ಮ್ಯಾಲೆ ಊರೇ ಮಲಗ್ತೈತೆ," ಎಂದ. ಅವನು ಹೊಲಿದು ತಂದದ್ದು ಎರಡು ದಿಂಬು. ಗೌಸ್ ಪೀರ್ ಅವನ್ನು ಕಟ್ಟಿಕೊಂಡು ನಿಂತಾಗ ಮೊಣಕಾಲಿಗೆ ಬಸುರು ನಿಂತಂತೆ ಕಾಣುತ್ತಿತ್ತು.

ಹತ್ತಿ ಮೆತ್ತಗೇನೋ ಇತ್ತು. ಆದರೆ ಸಿಮೆಂಟು ಗಾರೆಯ ನೀರನ್ನು ಬಾಯಾರಿದ ಎಮ್ಮೆಯಂತೆ ಹೀರಿತು. ಅವನು ಮಧ್ಯಾಹ್ನ ರೊಟ್ಟಿ ತಿಂದು, ಬಿಸಿಲಿಗೆ ಕಾಲು ಚಾಚಿ, ಒಂದು ಜೊಂಪು ನಿದ್ದೆ ತೆಗೆದು ಎದ್ದರೆ ಸಿಮೆಂಟು ತನ್ನ ಕೆಲಸ ಮಾಡಿಬಿಟ್ಟಿತ್ತು. ಮೊಣಕಾಲಿಗೆ ಎರಡು ಗುಂಡುಕಲ್ಲು ಅಂಟಿದ್ದವು. ಕಲ್ಲು ಬಡಿಯುವ ಮರದ ಕೊಡತಿಯಿಂದಲೇ ಅವನ್ನು ಬಡಿದು ಬಿಡಿಸಬೇಕಾಯಿತು. ಪ್ಯಾಂಟಿನ ಮೊಣಕಾಲೂ ಅವುಗಳ ಜೊತೆಗೇ ಬಂತು. ಹಿದಾಯತ್ ಬೆರಳ ಗೆಣ್ಣಿನಿಂದ ಕುಟ್ಟಿ ನೋಡಿ, "ಹತ್ತಿ ಒಳ್ಳೇದೈತೆ," ಎಂದ.

ಕಡೆಗೆ ಉಪಾಯ ಹೊಳೆದದ್ದು ವಾಮದೇವಪ್ಪನವರಿಗೇ. ಅವರ ಹಳೇ ಸ್ಕೂಟರಿನ ಸೀಟು ಹಿತ್ತಲಲ್ಲಿ ಬಿದ್ದಿತ್ತು. ಅದರೊಳಗಿನ ಸ್ಪಂಜನ್ನು ಹಿದಾಯತ್ ಎರಡಾಗಿ ಕೊಯ್ದು, ನೀರು ಹಿಡಿಯದಂತೆ ನೀಲಿ ರೆಕ್ಸಿನ್ ಹೊದಿಸಿ, ಪಟ್ಟಿ ಹೊಲಿದ. ಅಷ್ಟರಲ್ಲಿ ಓಣಿಯ ಅರ್ಧ ಜನ ಸೇರಿದ್ದರು. ಎದುರು ಮನೆಯವರು ಮೊದಲು ಕಟ್ಟಿಕೊಂಡು ಮೊಣಕಾಲೂರಿ ನೋಡಿದರು. ಅವರ ಬೀಗರು ನೋಡಿದರು. ಹಾಲು ಹಾಕಲು ಬಂದವನು ಕ್ಯಾನು ಕೆಳಗಿಟ್ಟು ನೋಡಿದ. ವಾಮದೇವಪ್ಪನವರು ಎರಡು ಸಲ ನೋಡಿದರು. ಕೊನೆಗೆ ಗೌಸ್ ಪೀರನ ಸರದಿ ಬಂತು.

ಮೊಣಕಾಲೂರಿದವನು ಒಂದು ಗಳಿಗೆ ಕಣ್ಣು ಮುಚ್ಚಿಕೊಂಡ. ಕೆಳಗೆ ನೆಲವೇ ಇಲ್ಲ ಅನ್ನಿಸಿತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವನು ಕೆಲಸ ಮಾಡುತ್ತಾ ಹಾಡು ಗುನುಗಿದ. ಇಳಿಹೊತ್ತಿಗೆ ಪಡಸಾಲೆ ಮುಗಿದೇ ಹೋಯಿತು. ಕಪ್ಪು ಗೆರೆಯ ಕಲ್ಲುಗಳನ್ನೂ ಬದಲಿಸಿ, ಎಲ್ಲಿ ಮಟ್ಟ ಹಿಡಿದರೂ ಸಮ ಬರುವಂತೆ ಮಾಡಿ, ನೀಲಿ ಮೊಣಕಾಲುಗಳನ್ನು ಹೊತ್ತು ಕಸ್ತೂರಮ್ಮನವರ ಮುಂದೆ ನಿಂತ.

ಅವರು ನೆಲವನ್ನು ನೋಡಲಿಲ್ಲ. ಅವನ ಮೊಣಕಾಲನ್ನೇ ನೋಡುತ್ತಿದ್ದರು.

"ಮೇಸ್ತ್ರಿ, ಈ ಕೆಲಸ ಎಷ್ಟು ವರ್ಷದಿಂದ ಮಾಡ್ತೀರಿ?"

"ಇಪ್ಪತ್ತು ವರ್ಷ ಆತ್ರಿ ಅಮ್ಮಾರೆ," ಎಂದ ಹೆಮ್ಮೆಯಿಂದ.

"ಅಂಥಾ ಗಟ್ಟಿ ಮನುಷ್ಯಾಗೇ ಈ ಕಲ್ಲಿನ ಮ್ಯಾಲೆ ಒಂದು ದಿನ ಕಳ್ಯಾಕೆ ಟೈರು, ಹತ್ತಿ, ಸ್ಕೂಟರ್ ಸೀಟು ಎಲ್ಲಾ ಬೇಕಾತು. ನೀವು ಸಂಜೀಗೆ ಎದ್ದು ಹೋಗ್ತೀರಿ. ನಾ ಸಾಯೋತನಕ ಇದರ ಮ್ಯಾಲೇ ಕುಂತು ಎದ್ದು ಮಾಡ್ಬೇಕಲ್ರಿ?" ಎಂದು ಮಗನ ಕಡೆ ತಿರುಗಿದರು. "ವಾಮದೇವಾ, ಈ ನೆಲ ಬ್ಯಾಡ. ಗಾರೆ ಹಸಿ ಇದ್ದಾಗ್ಲೇ ಕೀಳಿಸು. ಹಳೇ ಮನೆಯಂಗೆ ಮಣ್ಣಿನ ನೆಲಾನೇ ಇರ್ಲಿ."

ವಾಮದೇವಪ್ಪನವರು ಊರಿಗೆಲ್ಲ ಬುದ್ಧಿ ಹೇಳುವವರು. ತಾಯಿಯ ಮುಂದೆ ಅವರಿಗೆ ಬರುತ್ತಿದ್ದದ್ದು ಒಂದೇ ಮಾತು. "ಆಗ್ಲಿ ಬೇ ಯವ್ವಾ," ಎಂದರು.

ದಿನದ ದುಡಿಮೆ ಹೋಯಿತು, ಮುಂದಿನ ಕೋಣೆಗಳೂ ಹೋದವು! ಗೌಸ್ ಪೀರ್ ಗಡಬಡಿಸಿ ಎರಡೂ ಪಟ್ಟಿ ಬಿಚ್ಚಿ ಎಸೆದ.

"ಅಯ್ಯಯ್ಯೋ ಅಮ್ಮಾರೆ, ಕಲ್ಲು ಗಟ್ಟಿ ಅಂತ ಕಟ್ಟಿದ್ದಲ್ರಿ! ಬರೀ ಶೋಕಿಗೆ! ನೋಡ್ರಿ ಬೇಕಾದ್ರೆ!"

ಹಾಗೆಂದವನೇ ಬರಿ ಮೊಣಕಾಲಿನ ಮೇಲೆ ಧೊಪ್ಪನೆ ಬಿದ್ದ. ಆ ಸದ್ದಿಗೆ ಹಿದಾಯತ್ ತನ್ನ ಮೊಣಕಾಲು ಹಿಡಿದುಕೊಂಡ. ಗೌಸ್ ಪೀರ್ ಮಾತ್ರ ನಕ್ಕ.

"ಹೂವಿನಂಗೈತ್ರಿ."

"ಕಣ್ಣಾಗ ನೀರು ಯಾಕ?" ಎಂದರು ಕಸ್ತೂರಮ್ಮ.

"ಸಿಮೆಂಟ್ ಧೂಳ್ರಿ."

"ಹಂಗೇ ಆ ಗೋಡೆತನಕ ಹೋಗಿ ಬರ್ರಿ, ನೋಡಾನ."

ಅವನು ಮೊಣಕಾಲಲ್ಲೇ ಗೋಡೆಯವರೆಗೆ ಹೋಗಿ, ನಗುತ್ತಲೇ ತಿರುಗಿ ಬಂದ. ಕಸ್ತೂರಮ್ಮನವರ ಮುಖ ಅರಳಿತು.

"ಹಂಗಾರೆ ಅಡ್ಡಿಯಿಲ್ಲ. ಎಲ್ಲಾ ಕೋಣೆಗೂ ಇದನ್ನೇ ಹಾಕ್ರಿ. ಆದ್ರೆ ಬರಿ ಮೊಣಕಾಲಾಗೇ ಹಾಕ್ಬೇಕು, ನಾ ಕುಂತು ನೋಡ್ತೀನಿ. ಎಲ್ಲಿ ನೀವು ಮುಖ ಕಿವುಚ್ತೀರೋ ಆ ಕಲ್ಲು ನಮಗೆ ಬ್ಯಾಡ. ಇನ್ನೂ ಬೆಳಕೈತೆ, ದೇವರ ಕೋಣೆ ಶುರು ಮಾಡ್ರಿ."

ಕುರ್ಚಿಯನ್ನು ದೇವರ ಕೋಣೆಯ ಬಾಗಿಲಿಗೆ ಹಾಕಿಸಿಕೊಂಡು, ಒಂದು ನೀಲಿ ಗಾದಿಯನ್ನು ಕೂರುವಲ್ಲಿ ಹಾಸಿ, ಇನ್ನೊಂದನ್ನು ಬೆನ್ನಿಗೆ ಕೊಟ್ಟು ಕಸ್ತೂರಮ್ಮ ಆರಾಮಾಗಿ ಕೂತರು. ಗೌಸ್ ಪೀರ್ ಗಾರೆ ಹರಡಿ ಮೊದಲ ಕಲ್ಲಿಟ್ಟು ಮೊಣಕಾಲೂರಿದ.

"ಮುಖ ಇತ್ತಾಗ ತಿರುಗಿಸ್ರಿ ಮೇಸ್ತ್ರಿ," ಎಂದರು ಅವರು. "ನಗು ಕಾಣವಲ್ದು."