ವಾದಿರಾಜ ದೊಡ್ಡಪ್ಪನ ಸೂತಕ

"ಇವತ್ತು ಸಂಜೆ ದೇವಸ್ಥಾನ ನೀನು ನೋಡಿಕೋ. ನನಗೆ ಹೊರಗೆ ಒಂದು ಪೂಜೆ ಉಂಟು," ಎಂದು ರಾಧಾಕೃಷ್ಣ ಭಟ್ಟರು ಬೆಳಿಗ್ಗೆ ಏಳಕ್ಕೆ ಕಾಫಿ ಕುಡಿಯುತ್ತಾ ಹೇಳಿದರು. ಅಷ್ಟಕ್ಕೇ ಮಗ ಕೃಷ್ಣಕಿಶೋರನ ಕೈಯಲ್ಲಿದ್ದ ನೀರುದೋಸೆ ತಟ್ಟೆಗೆ ವಾಪಸು ಬಿತ್ತು.

ದೇರೆಬೈಲಿನ ಒಂದು ಸಣ್ಣ ದೇವಸ್ಥಾನದಲ್ಲಿ ಅಪ್ಪ ಅರ್ಚಕರು, ಮಗ ಸಹಾಯಕ. ಆದರೆ ಅಪ್ಪನಿಗೆ ಗೊತ್ತಿಲ್ಲದ ಇನ್ನೊಂದು ಉದ್ಯೋಗವೂ ಮಗನಿಗಿತ್ತು. ‘ಬೊಳ್ಳ’ ಎಂಬ ರಾಕ್ ಬ್ಯಾಂಡಿನಲ್ಲಿ ಅವನು ಡ್ರಮ್ಸ್ ಬಾರಿಸುತ್ತಿದ್ದ, ನಿರೀಕ್ಷಾ ಎಂಬವಳು ಹಾಡುತ್ತಿದ್ದಳು. ಬೊಳ್ಳ ಎಂದರೆ ತುಳುವಿನಲ್ಲಿ ನೆರೆ. ಹೆಸರು ನೆರೆಯಾದರೂ ಎರಡು ವರ್ಷಗಳಲ್ಲಿ ಅದು ಎರಡು ಮೆಹೆಂದಿ, ಒಂದು ಕಾಲೇಜ್ ಡೇ ದಾಟಿ ಮುಂದೆ ಹರಿದಿರಲಿಲ್ಲ. ಈಗ ಗಿಟಾರಿನ ವಿನೀತ್ ದೊಡ್ಡದೊಂದು ಅವಕಾಶ ತಂದಿದ್ದ. ಬೈಕಂಪಾಡಿಯಲ್ಲಿ ಅವನ ಸೋದರಮಾವನ ಹೊಸ ಹೋಟೆಲಿನ ಓಪನಿಂಗ್. ಇವತ್ತು ಸಂಜೆ ಏಳಕ್ಕೆ ಬೊಳ್ಳದ ಪ್ರೋಗ್ರಾಂ. ಬರುವ ನಾನೂರು ಜನರಲ್ಲಿ ಅರ್ಧದಷ್ಟು ಮಂದಿ ಮದುವೆ ಹಾಲು, ರೆಸಾರ್ಟು ಇಟ್ಟುಕೊಂಡವರು. ಇಲ್ಲಿ ಗೆದ್ದರೆ ಬ್ಯಾಂಡು ಊರಿಗೇ ಗೊತ್ತಾದ ಹಾಗೆ.

ದೇವಸ್ಥಾನದ ಬಾಗಿಲು ಹಾಕುವುದು ಎಂಟೂವರೆಗೆ. ಅರ್ಚಕನಿಗೆ ಜ್ವರ ಬಂದರೂ ರಜೆ ಇಲ್ಲ, ಮಾತ್ರೆ ನುಂಗಿ ಆರತಿ ಎತ್ತಬೇಕು. ಅವನನ್ನು ಗರ್ಭಗುಡಿಯಿಂದ ಹೊರಗೆ ನಿಲ್ಲಿಸುವ ತಾಕತ್ತು ಇರುವುದು ಒಂದಕ್ಕೇ, ಸೂತಕಕ್ಕೆ.

"ಅಪ್ಪಾ, ವಾದಿರಾಜ ದೊಡ್ಡಪ್ಪ ಹೋಗಿಬಿಟ್ರಂತೆ. ಯಾರೋ ಮೆಸೇಜ್ ಕಳಿಸಿದ್ದಾರೆ," ಎಂದುಬಿಟ್ಟ ಕೃಷ್ಣಕಿಶೋರ.

ವಾದಿರಾಜರು ನಾಗಪುರದಲ್ಲಿದ್ದ ದಾಯಾದಿ. ಇಪ್ಪತ್ತು ವರ್ಷಗಳಿಂದ ಅವರನ್ನು ಕಂಡವರಿಲ್ಲ, ಫೋನ್ ನಂಬರು ಯಾರ ಹತ್ತಿರವೂ ಇಲ್ಲ. ಸಾಯಿಸಲು ಇಷ್ಟು ಅನುಕೂಲದ ಮನುಷ್ಯ ಇಡೀ ಕುಟುಂಬದಲ್ಲಿ ಬೇರೆ ಇರಲಿಲ್ಲ. ಸೂತಕ ಅಪ್ಪನಿಗೂ ತಾಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದಲ್ಲ. ದೇವಸ್ಥಾನಕ್ಕೆ ಬದಲಿ ಅರ್ಚಕ ಶ್ರೀನಂದನ ಭಟ್ಟ ಬರುತ್ತಾನೆ, ಹೊರಗಿನ ಪೂಜೆಗೂ ಯಾರಾದರೂ ಸಿಗುತ್ತಾರೆ, ಅಪ್ಪನಿಗೂ ಹತ್ತು ದಿನ ವಿಶ್ರಾಂತಿ ಎಂದು ಲೆಕ್ಕ ಹಾಕಿದ್ದ.

ಭಟ್ಟರು ಲೋಟ ಕೆಳಗಿಟ್ಟು ನೇರ ಬಚ್ಚಲಿಗೆ ಹೋಗಿ ತಲೆಗೆ ನೀರು ಸುರಿದುಕೊಂಡರು. ಹೊರಬಂದು ಎರಡು ಫೋನ್ ಮಾಡಿದರು. ತಾಯಿ ವಾರಿಜಾ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. "ನಮ್ಮ ಮದುವೆಯಲ್ಲಿ ಮೂರು ಸಲ ಪಾಯಸ ಹಾಕಿಸಿಕೊಂಡಿದ್ರು, ಪಾಪ!"

ಅಮ್ಮನ ಕಣ್ಣೀರು ನೋಡಿ ನಿಜ ಹೇಳಿಬಿಡೋಣವೆಂದು ಕೃಷ್ಣಕಿಶೋರ ಬಾಯಿ ತೆರೆದ. ಆದರೆ ಆಗಲೇ ಪಕ್ಕದ ಮನೆಯ ಸ್ನೇಹಲತಕ್ಕ ಕಂಪೌಂಡಿನಾಚೆಯಿಂದ ಎಲ್ಲ ಕೇಳಿಸಿಕೊಂಡಾಗಿತ್ತು. ಐದೇ ನಿಮಿಷದಲ್ಲಿ ಬಡಾವಣೆಯ ಗ್ರೂಪಿನಲ್ಲಿ ‘ಓಂ ಶಾಂತಿ’ ಬಂತು, ಅದರ ಹಿಂದೆ ನಲವತ್ತು ಜನ ಕೈ ಮುಗಿದರು. ಎದುರುಮನೆಯ ಪೌಲ್ ಅಂಕಲ್ ಗೇಟಿಗೇ ಬಂದರು.

"ಎಂತ ಆಗಿತ್ತು ಅವರಿಗೆ?"

"ಹಾರ್ಟು, ಅಂಕಲ್."

"ಬಾತ್‌ರೂಮಲ್ಲಿ ಬಿದ್ದದ್ದು ಅಂತ ಹೇಳಿದ್ಯಲ್ಲ ನನ್ಹತ್ರ!" ಎಂದರು ಕಂಪೌಂಡಿನಿಂದ ಸ್ನೇಹಲತಕ್ಕ.

"ಬಾತ್‌ರೂಮಲ್ಲೇ ಹಾರ್ಟು," ಎಂದ ಕೃಷ್ಣಕಿಶೋರ. ಹೀಗೆ ಮಧ್ಯಾಹ್ನದೊಳಗೆ ದೊಡ್ಡಪ್ಪನನ್ನು ನಾಲ್ಕು ಬಗೆಯಲ್ಲಿ ಸಾಯಿಸಿ, ಊಟದ ನಂತರ ಗೆಳೆಯನ ಮನೆಗೆಂದು ಹೇಳಿ, ಕಪ್ಪು ಟೀ ಶರ್ಟು ತೊಟ್ಟು ಬೈಕಂಪಾಡಿಯ ಬಸ್ಸು ಹತ್ತಿದ.

ಹೋಟೆಲಿನ ಮುಂದೆ ತೋರಣ ಕಟ್ಟುವವರು ಅದನ್ನು ಬಿಚ್ಚುತ್ತಿದ್ದರು. ವಿನೀತ್ ಡ್ರಮ್ಸಿನ ಪಕ್ಕದಲ್ಲಿ ತಲೆ ಮೇಲೆ ಕೈ ಹೊತ್ತು ಕೂತಿದ್ದ. "ಓಪನಿಂಗ್ ಕ್ಯಾನ್ಸಲ್ ಮಾರಾಯ! ನನಗೆ ಈಗ ಹೇಳ್ತಾರೆ."

ಒಳಗಿನಿಂದ ಅವನ ಮಾವ ಸರ್ವೋತ್ತಮ ಶೆಟ್ಟರು ಫೋನ್ ಹಿಡಿದೇ ಬಂದರು. "ನಾನೂರು ಜನಕ್ಕೆ ಬರಬೇಡಿ ಅಂತ ಹೇಳಿ ಹೇಳಿ ಗಂಟಲು ಹೋಯ್ತು! ಎಂತ ಮಾಡುವುದು? ಸಂಜೆ ದುರ್ಗಾ ನಮಸ್ಕಾರ ಪೂಜೆ ಆಗದೆ ನಾನು ಓಪನ್ ಮಾಡುವುದಿಲ್ಲ. ಭಟ್ರ ಮನೆಯಲ್ಲಿ ಸೂತಕವಂತೆ."

"ಬೇರೆ ಭಟ್ರು...?" ಎಂದ ಕೃಷ್ಣಕಿಶೋರ.

"ನನ್ನ ಮೂರು ಹೋಟೆಲಿಗೂ ಪೂಜೆ ಮಾಡಿದ್ದು ರಾಧಾಕೃಷ್ಣ ಭಟ್ರು. ಮೂರೂ ಚೆನ್ನಾಗಿ ನಡೀತಾ ಉಂಟು. ನಾಲ್ಕನೆಯದಕ್ಕೆ ಬೇರೆಯವರು ಎಂತಕ್ಕೆ?" ಎಂದ ಶೆಟ್ಟರು ಅವನ ಮುಖ ನೋಡಿ ಥಟ್ಟನೆ ಎರಡು ಹೆಜ್ಜೆ ಹಿಂದೆ ಸರಿದರು. "ಓಯ್, ನೀನು ಭಟ್ರ ಮಗ ಅಲ್ವಾ? ಸೂತಕದಲ್ಲಿ ನನ್ನ ಹೊಸ ಹೋಟೆಲಿನ ಅಂಗಳ ಮೆಟ್ಟಿದ್ಯಲ್ಲ!"

ಬ್ಯಾಂಡು ಉಳಿಯಬೇಕಾದರೆ ದೊಡ್ಡಪ್ಪ ಬದುಕಲೇಬೇಕಿತ್ತು. "ಸೂತಕ ಇಲ್ಲ. ಯಾರೂ ಸತ್ತಿಲ್ಲ. ನಾನು ಸುಳ್ಳು ಹೇಳಿದ್ದು," ಎಂದು ಕೃಷ್ಣಕಿಶೋರ ಎಲ್ಲವನ್ನೂ ಒಪ್ಪಿಸಿದ.

ಶೆಟ್ಟರು ಅವನನ್ನು ಬೈಯಲೂ ಪುರುಸೊತ್ತಿಲ್ಲದೆ ಭಟ್ಟರಿಗೆ ಫೋನ್ ಹಚ್ಚಿ ವಿಷಯ ಹೇಳಿ, ಅವನ ಕೈಗೆ ಕೊಟ್ಟರು.

"ಯಾವ ಬ್ಯಾಂಡು?" ಎಂದರು ಭಟ್ಟರು.

"ಬೊಳ್ಳ ಅಂತ, ಅಪ್ಪಾ."

"ನಾನು ಪೂಜೆಗೆ ಹೊರಟೆ. ಶ್ರೀನಂದನ ಹೇಗೂ ಬಂದಿದ್ದಾನೆ, ಸಹಾಯಕ್ಕೆ ನನ್ನ ಜೊತೆ ಬರಲಿ. ನೀನು ಈಗಲೇ ಬಸ್ಸು ಹತ್ತು. ಸ್ನಾನ ಮಾಡಿ ದೇವಸ್ಥಾನದ ಬಾಗಿಲು ತೆಗಿ. ಎಂಟೂವರೆವರೆಗೆ ಅಲ್ಲಿಂದ ಹಂದಬೇಡ."

ತೋರಣ ಮತ್ತೆ ಕಟ್ಟತೊಡಗಿದರು. ನಾನೂರು ಜನರಿಗೆ ಬನ್ನಿ ಎಂದು ಹೇಳಲು ಶೆಟ್ಟರು ಫೋನ್ ಕೈಗೆತ್ತಿಕೊಂಡರು. ಕೃಷ್ಣಕಿಶೋರ ತನ್ನ ಡ್ರಮ್ಸನ್ನು ಒಮ್ಮೆ ಮುಟ್ಟಿ ಬಸ್ ಸ್ಟಾಪಿಗೆ ನಡೆದ. ಅವನಿಗೆ ಅಳು ಬಂದಿತ್ತು.

ಸಂಜೆ ಏಳಕ್ಕೆ ಅವನು ಆರತಿ ಎತ್ತುತ್ತಿದ್ದ. ನಾನಿಲ್ಲದೆ ಅಲ್ಲಿ ಹಾಡುಗಳೆಲ್ಲ ಕುಸಿದು ಬಿದ್ದಿರುತ್ತವೆ ಎಂದು ಯೋಚಿಸಿದ. ಬೇಸರವೂ ಆಯಿತು, ಸ್ವಲ್ಪ ಸಮಾಧಾನವೂ ಆಯಿತು. ಬಾಗಿಲು ಹಾಕಿ ಹೊರಬಂದಾಗ ವಿನೀತನ ಫೋನ್ ಬಂತು.

"ಸೂಪರ್ ಹಿಟ್ ಮಾರಾಯ! ಒಂದೇ ದಿನಕ್ಕೆ ಆರು ಬುಕಿಂಗ್! ಡ್ರಮ್ಸ್ ಇಲ್ಲದ ಕಾರಣ ನಿರೀಕ್ಷಾ ಹಾಡುವುದು ಜನಕ್ಕೆ ಕೇಳಿಸಿತು ನೋಡು. ಇಷ್ಟು ಚಂದದ ಸ್ವರ ಇಷ್ಟು ದಿನ ಎಲ್ಲಿತ್ತು ಅಂತ ಎಲ್ಲರೂ ಕೇಳುವವರೇ. ಇನ್ನು ಹೀಗೇ ಹೋಗುವ ಅಂತ ಮಾತಾಯಿತು. ನೀನು ಬೇಜಾರು ಮಾಡ್ಬೇಡ, ಆಯ್ತಾ?"

ಒಂಬತ್ತಕ್ಕೆ ಭಟ್ಟರು ಮನೆಗೆ ಬಂದರು. ಬೈಗುಳಕ್ಕೆ ಸಿದ್ಧನಾಗಿ ಕೃಷ್ಣಕಿಶೋರ ಎದ್ದು ನಿಂತ. ಅವರು ಶಲ್ಯ ಮಡಚಿಡುತ್ತಾ ಹೇಳಿದರು, "ಪೂಜೆ ಮುಗಿಸಿ ಸ್ವಲ್ಪ ಹೊತ್ತು ಕೂತು ಕೇಳಿದೆ. ಚಂದ ಹಾಡ್ತಾರೆ ಮಕ್ಕಳು. ಆದರೆ ಅವರಲ್ಲಿ ನಿನ್ನ ಕೆಲಸ ಎಂತ? ಅದೊಂದು ಗೊತ್ತಾಗಲಿಲ್ಲ."

"ಎಂತದ್ದೂ ಇಲ್ಲ, ಅಪ್ಪಾ," ಎಂದ ಕೃಷ್ಣಕಿಶೋರ. ಆ ದಿನ ಅವನು ಅಪ್ಪನ ಮುಖ ನೋಡಿ ಹೇಳಿದ್ದರಲ್ಲಿ ಪೂರಾ ನಿಜವಾದದ್ದು ಅದೊಂದೇ.